ಬಹುಜನರ ಯಂತ್ರದಲ್ಲಿ ದೋಷಾನ್ವೇಷಣೆ

೧

ಇತಿಹಾಸದ ಅಧ್ಯಾಪಕರಿಗೆ ಗಣಕಯಂತ್ರದ ಕೋಣೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳುವುದು ಸಹಜವಾಗಿದೆ. ಆ ಪ್ರಶ್ನೆಗೆ ಸಮಾಧಾನವಾಗಿ, ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯೊಂದನ್ನು ಮೊದಲು ನಿವೇದಿಸುತ್ತೇವೆ. ಆ ಕಾಲೇಜಿನ ಪ್ರಯೋಗಶಾಲೆಯಲ್ಲಿ ೪೦ ಮೇಜುಗಳಿದ್ದುವು. ಪ್ರತಿಯೊಂದು ಮೇಜಿನ ಮೇಲೂ ಒಂದು ತೆರೆ, ಒಂದು ಕೀಲಿಮಣೆ, ಅಂಗೈಯಗಲದ ಒಂದು ಪೆಟ್ಟಿಗೆ. ವಿದ್ಯಾರ್ಥಿಯು ತನ್ನೆದುರಿಗಿದೆಯೆಂದು ಭಾವಿಸುತ್ತಿದ್ದ ಗಣಕಯಂತ್ರವು ವಾಸ್ತವವಾಗಿ ಆ ಪೆಟ್ಟಿಗೆಯೊಳಗೆ ಇರಲೇ ಇಲ್ಲ; ಅದು ಪಕ್ಕದ ಕೋಣೆಯಲ್ಲಿದ್ದ ೩ ಸರ್ವರ್‌ಗಳ ಪೈಕಿ ಯಾವುದಾದರೊಂದರ ಒಳಗೆ, ಕೇವಲ ಲೆಕ್ಕಾಚಾರದ ರೂಪದಲ್ಲಿ ಇರುತ್ತಿದ್ದಿತು. ಮೇಜಿನ ಮೇಲೆ ಕಾಣುತ್ತಿದ್ದುದು ಅದರ ಚಿತ್ರಮಾತ್ರ. ಈ ಏರ್ಪಾಟಿಗೆ ಈಗ ವರ್ಚುವಲ್ ಡೆಸ್ಕ್‌ಟಾಪ್ ಎಂದು ಹೆಸರು.

ಆಂತರಿಕ ಪರೀಕ್ಷೆಯ ದಿನ ಬೆಳಿಗ್ಗೆ ೧೦ ಗಂಟೆಗೆ ವಿದ್ಯಾರ್ಥಿಗಳೆಲ್ಲರೂ ಒಟ್ಟಿಗೆ ಕುಳಿತರು. ಹಲವರ ತೆರೆಗಳು ತೆವಳಲಾರಂಭಿಸಿದುವು. ೧೩ ಮಂದಿಗಂತೂ ಒಳಪ್ರವೇಶವೇ ದೊರೆಯಲಿಲ್ಲ. ಪಾಸ್‌ವರ್ಡನ್ನು ಎಷ್ಟು ಸಲ ಒತ್ತಿದರೂ ಪ್ರವೇಶ ಸಾಧ್ಯವಿಲ್ಲವೆಂಬ ಒಂದೇ ವಾಕ್ಯವು ತೆರೆಯ ಮೇಲೆ ಮೂಡುತ್ತಿದ್ದಿತು. ಮೇಲ್ವಿಚಾರಣೆಯಲ್ಲಿದ್ದ ಅಧ್ಯಾಪಕರು ಅರ್ಧ ಗಂಟೆ ಕಾದು, ಆ ೧೩ ಮಂದಿಯು ಅಲಕ್ಷ್ಯದಿಂದ ತಮ್ಮ ಪಾಸ್‌ವರ್ಡನ್ನು ಮರೆತಿರುವರೆಂದು ವರದಿಯಲ್ಲಿ ಬರೆದು, ಅವರನ್ನು ಗೈರುಹಾಜರೆಂದು ಗುರುತಿಸಿದರು. ಅವರೆಲ್ಲರಿಗೂ ಸೊನ್ನೆ ಅಂಕ ಬಿದ್ದಿತು.

ಆ ಅಧ್ಯಾಪಕರು ದುರುದ್ದೇಶದವರಲ್ಲ. ತೊಂದರೆಯು ಎಲ್ಲಿ ಕಾಣಿಸಿತೋ ಅಲ್ಲಿಯೇ ಅದರ ಕಾರಣವೂ ಇರಬೇಕೆಂದು ಅವರು ತಿಳಿದರು. ಹಾಗೆ ತಿಳಿಯುವುದು ಮನುಷ್ಯಸ್ವಭಾವ. ಆದರೆ ಒಂದು ಯಂತ್ರವು ಬಹುಜನರಿಗೆ ಸೇವೆ ಸಲ್ಲಿಸತೊಡಗಿದ ಕ್ಷಣದಿಂದ ಈ ತಿಳಿವಳಿಕೆಯು ನಂಬತಕ್ಕದ್ದಾಗಿ ಉಳಿಯಲಿಲ್ಲ. ಲಕ್ಷಣವು ಒಂದೆಡೆ, ಕಾರಣವು ಮತ್ತೊಂದೆಡೆ ಎಂಬ ಸ್ಥಿತಿಯು ಹೇಗೆ ಉಂಟಾಯಿತು, ಅದನ್ನು ಎದುರಿಸಲು ಯಂತ್ರಜ್ಞರು ೬೦ ವರ್ಷಗಳಲ್ಲಿ ಯಾವ ಕ್ರಮವನ್ನು ಕಲಿತುಕೊಂಡರು, ಆ ಕ್ರಮವು ನಮ್ಮ ಶಾಸ್ತ್ರದ ಆಧಾರ ವಿಮರ್ಶೆಗೆ ಎಷ್ಟು ಸಮೀಪವಾದುದು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲಿಗೆ ಪರಿಸ್ಥಿತಿಯು ಹೀಗಿರಲಿಲ್ಲ. ೧೯೪೭ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್-೨ ಎಂಬ ಗಣಕಯಂತ್ರವು ತಪ್ಪತೊಡಗಿದಾಗ, ಅದನ್ನು ನಡೆಸುತ್ತಿದ್ದವರು ಬಿಡಿಭಾಗಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಒಂದು ರಿಲೇಯ ನಡುವೆ ಸಿಕ್ಕಿಬಿದ್ದಿದ್ದ ಪತಂಗವನ್ನು ಹೊರತೆಗೆದರು. ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿ, ಸಮಯವನ್ನೂ ರಿಲೇಯ ಸಂಖ್ಯೆಯನ್ನೂ ಬರೆದಿಟ್ಟರು. ಆ ಪುಟವು ಇಂದಿಗೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಈ ಕಥೆಯನ್ನು ಸಾಮಾನ್ಯವಾಗಿ ವಿನೋದಕ್ಕಾಗಿ ಹೇಳುವುದುಂಟು. ನಮಗಾದರೋ ಅದರಲ್ಲಿ ಗಮನಾರ್ಹವಾಗಿ ಕಾಣುವುದು ಬೇರೆಯೇ ಒಂದು ಅಂಶ. ಆ ಯಂತ್ರವು ಒಂದು ಸಲಕ್ಕೆ ಒಂದೇ ಕೆಲಸವನ್ನು ಮಾಡುತ್ತಿದ್ದಿತು. ಕೆಟ್ಟ ಭಾಗವೂ ಕೆಟ್ಟ ಫಲವೂ ಒಂದೇ ಸರಪಣಿಯ ಕೊಂಡಿಗಳಾಗಿದ್ದುವು. ತಾಳ್ಮೆಯಿಂದ ಕೊಂಡಿಗಳನ್ನು ಹಿಡಿದು ಹೋದವನು ಕಾರಣವನ್ನು ಮುಟ್ಟಿಯೇ ಮುಟ್ಟುತ್ತಿದ್ದನು.

ಈ ಸರಳತೆಗೆ ದೊಡ್ಡ ಬೆಲೆಯನ್ನು ತೆರಬೇಕಾಗಿದ್ದಿತು. ಕೋಟಿಗಟ್ಟಲೆ ಮೌಲ್ಯದ ಯಂತ್ರವು, ಅದರ ಮುಂದೆ ಕುಳಿತವನು ಯೋಚಿಸುತ್ತಿರುವಷ್ಟು ಕಾಲವೂ ವ್ಯರ್ಥವಾಗಿ ಕಾಯುತ್ತಿರಬೇಕಾಗಿದ್ದಿತು. ಇದನ್ನು ತಪ್ಪಿಸಲು ಯಂತ್ರದ ಕಾಲವನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು ಹಲವರಿಗೆ ಸರದಿಯಂತೆ ಹಂಚಬಹುದೆಂದು ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ (ಎಂ.ಐ.ಟಿ.) ಜಾನ್ ಮೆಕಾರ್ಥಿಯವರು ೧೯೫೯ರ ಜನವರಿಯಲ್ಲಿ ಒಂದು ಟಿಪ್ಪಣಿಯ ಮೂಲಕ ಸೂಚಿಸಿದರು. ೧೯೬೧ರ ನವೆಂಬರಿನಲ್ಲಿ ಅದೇ ಸಂಸ್ಥೆಯ ಫರ್ನಾಂಡೊ ಕಾರ್ಬಟೊ ಅವರು ಈ ಕಾಲ ಹಂಚಿಕೆಯನ್ನು ಐ.ಬಿ.ಎಂ. ೭೦೯ ಯಂತ್ರದ ಮೇಲೆ ಮಾಡಿ ತೋರಿಸಿದರು. ಸಿ.ಟಿ.ಎಸ್.ಎಸ್. ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯು ಮುಂದೆ ಐ.ಬಿ.ಎಂ. ೭೦೯೪ ಯಂತ್ರದ ಮೇಲೆ ನೆಲೆಗೊಂಡು ೧೯೭೩ರವರೆಗೆ ನಡೆಯಿತು. ಸುಮಾರು ೩೦ ಮಂದಿ ಏಕಕಾಲದಲ್ಲಿ ತಮ್ಮ ತಮ್ಮ ಟೈಪ್ ಯಂತ್ರಗಳ ಮುಂದೆ ಕುಳಿತು, ಇಡೀ ಗಣಕವು ತನ್ನೊಬ್ಬನದೇ ಎಂಬ ಭ್ರಾಂತಿಯಲ್ಲಿ ಕೆಲಸಮಾಡಬಹುದಾಗಿದ್ದಿತು. ನಮ್ಮ ಪ್ರಯೋಗಶಾಲೆಯ ೪೦ ಮೇಜುಗಳ ವಂಶವೃಕ್ಷದ ಬೇರು ಇಲ್ಲಿಯೇ ಇದೆ.

ಈ ವ್ಯವಸ್ಥೆಯಲ್ಲಿ ೧೯೬೦ರ ದಶಕದಲ್ಲಿ ನಡೆದ ಒಂದು ಘಟನೆಯನ್ನು ಕಾರ್ಬಟೊ ಅವರೇ ೧೯೯೦ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ವಿವರಿಸಿದ್ದಾರೆ. ಒಂದು ಮಧ್ಯಾಹ್ನ, ಒಳಪ್ರವೇಶಿಸಿದ ಪ್ರತಿಯೊಬ್ಬನಿಗೂ ಅಂದಿನ ಪ್ರಕಟಣೆಗೆ ಬದಲಾಗಿ ಸಮಸ್ತ ಬಳಕೆದಾರರ ಪಾಸ್‌ವರ್ಡುಗಳ ಪಟ್ಟಿಯೇ ಅಚ್ಚಾಗತೊಡಗಿತು. ಯಂತ್ರದ ಯಾವ ಭಾಗವೂ ಕೆಟ್ಟಿರಲಿಲ್ಲ. ಯಾವ ಕಳ್ಳನೂ ಬಂದಿರಲಿಲ್ಲ. ವ್ಯವಸ್ಥೆಯನ್ನು ಕಟ್ಟುವಾಗ, ಒಂದು ಕಡತಕೋಶದಲ್ಲಿ ಒಂದು ಸಲಕ್ಕೆ ಒಬ್ಬನೇ ಕೆಲಸಮಾಡುವನೆಂದು ಭಾವಿಸಲಾಗಿದ್ದಿತು. ಆದುದರಿಂದ ಬರಹವನ್ನು ತಿದ್ದುವ ಸಾಧನವು ತನ್ನ ತಾತ್ಕಾಲಿಕ ಪ್ರತಿಗೆ ಸದಾ ಒಂದೇ ಹೆಸರನ್ನಿಡುತ್ತಿದ್ದಿತು. ಕಾಲಾನಂತರದಲ್ಲಿ ವ್ಯವಸ್ಥಾಪಕರ ಸಂಖ್ಯೆಯು ಹೆಚ್ಚಿ, ಅವರಲ್ಲಿ ಹಲವರು ಒಂದೇ ಕೋಶದಲ್ಲಿ ಒಟ್ಟಿಗೆ ಕೆಲಸಮಾಡಲು ಅನುಮತಿ ದೊರೆಯಿತು. ಆ ದಿನ ಒಬ್ಬರು ಪ್ರಕಟಣೆಯನ್ನೂ ಇನ್ನೊಬ್ಬರು ಪಾಸ್‌ವರ್ಡುಗಳ ಪಟ್ಟಿಯನ್ನೂ ಒಂದೇ ಸಮಯದಲ್ಲಿ ತಿದ್ದಲಾಗಿ, ಎರಡು ಪ್ರತಿಗಳೂ ಅದಲುಬದಲಾದುವು.

ಇಲ್ಲಿ ತಪ್ಪು ಮಾಡಿದವರು ಯಾರು? ಸಾಧನವನ್ನು ರಚಿಸಿದವನು ಅಂದಿನ ನಿಯಮಕ್ಕೆ ಸರಿಯಾಗಿಯೇ ರಚಿಸಿದ್ದನು. ನಿಯಮವನ್ನು ಸಡಿಲಿಸಿದವರಿಗೂ ತಕ್ಕ ಕಾರಣವಿದ್ದಿತು. ತಿದ್ದಿದ ಇಬ್ಬರೂ ತಮ್ಮ ಕರ್ತವ್ಯವನ್ನು ನೆರವೇರಿಸುತ್ತಿದ್ದರು. ದೋಷವು ಯಾವನೊಬ್ಬನಲ್ಲಿಯೂ ಇರಲಿಲ್ಲ. ಒಂದು ಕಾಲದ ಊಹೆಗೂ ಮತ್ತೊಂದು ಕಾಲದ ಬಳಕೆಗೂ ನಡುವೆ ಉಂಟಾದ ಬಿರುಕಿನಲ್ಲಿ ಅದು ಇದ್ದಿತು. ಸರ್ವರ್ ವ್ಯವಸ್ಥೆಗಳ ದೋಷಗಳಲ್ಲಿ ಬಹುಭಾಗವು ಈ ಜಾತಿಗೆ ಸೇರಿದುದೆಂಬುದನ್ನು ಮುಂದಿನ ಉದಾಹರಣೆಗಳು ವ್ಯಕ್ತಪಡಿಸುವುವು.

೩

ಎರಡನೆಯ ಜಾತಿಯ ದೋಷವು ಇದಕ್ಕಿಂತಲೂ ಸೂಕ್ಷ್ಮವಾದುದು. ಅದರಲ್ಲಿ ತಪ್ಪು ಎಂಬುದೇ ಇರುವುದಿಲ್ಲ. ಜನದಟ್ಟಣೆಯೇ ದೋಷವಾಗಿ ಪರಿಣಮಿಸುತ್ತದೆ. ೧೯೬೨ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಉದ್ಘಾಟನೆಗೊಂಡ ಅಟ್ಲಾಸ್ ಎಂಬ ಯಂತ್ರದಲ್ಲಿ, ಟಾಮ್ ಕಿಲ್‌ಬರ್ನ್ ಮತ್ತು ಅವರ ಸಹೋದ್ಯೋಗಿಗಳು ಚಿಕ್ಕದಾದ ವೇಗದ ಸ್ಮೃತಿಯನ್ನೂ ದೊಡ್ಡದಾದ ನಿಧಾನದ ಡ್ರಮ್ಮನ್ನೂ ಕೂಡಿಸಿ, ಎರಡೂ ಸೇರಿ ಒಂದೇ ವಿಶಾಲವಾದ ಸ್ಮೃತಿಯೆಂದು ತೋರುವಂತೆ ಮಾಡಿದರು. ಬೇಕಾದ ಪುಟವು ಡ್ರಮ್ಮಿನಿಂದ ತಾನಾಗಿಯೇ ಒಳಕ್ಕೆ ಬರುತ್ತಿದ್ದಿತು. ಬೇಡದ ಪುಟವು ಹೊರಕ್ಕೆ ಹೋಗುತ್ತಿದ್ದಿತು. ಕಾಲ ಹಂಚಿಕೆಯೂ ಈ ಪುಟ ವಿನಿಮಯವೂ ಒಂದಾದ ಕಡೆಗಳಲ್ಲಿ ವಿಚಿತ್ರವಾದ ಒಂದು ವ್ಯಾಧಿಯು ಕಾಣಿಸಿತು. ಬಳಕೆದಾರರು ಒಬ್ಬೊಬ್ಬರಾಗಿ ಹೆಚ್ಚುತ್ತಿರುವಾಗ ಯಂತ್ರವು ಚೆನ್ನಾಗಿಯೇ ನಡೆಯುತ್ತಿದ್ದು, ಒಂದು ಮಿತಿಯನ್ನು ದಾಟಿದೊಡನೆ ಥಟ್ಟನೆ ಕುಸಿಯುತ್ತಿದ್ದಿತು. ಪ್ರತಿಯೊಬ್ಬನ ಪುಟವೂ ಮತ್ತೊಬ್ಬನ ಪುಟವನ್ನು ಹೊರದಬ್ಬಿಯೇ ಒಳಬರಬೇಕಾದುದರಿಂದ, ಯಂತ್ರದ ಸಮಯವೆಲ್ಲವೂ ಪುಟಗಳನ್ನು ಸಾಗಿಸುವುದರಲ್ಲಿಯೇ ಕಳೆದುಹೋಗುತ್ತಿದ್ದಿತು.

ಥ್ರಾಷಿಂಗ್ ಎಂಬ ಹೆಸರು ಪಡೆದ ಈ ವ್ಯಾಧಿಯ ನಿದಾನವನ್ನು ೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಅವರು ಎರಡು ಪ್ರಬಂಧಗಳಲ್ಲಿ ಪ್ರಕಟಿಸಿದರು. ಪ್ರತಿಯೊಂದು ಕಾರ್ಯಕ್ಕೂ ಆಯಾ ಗಳಿಗೆಯಲ್ಲಿ ನಿಜವಾಗಿ ಬೇಕಾದ ಪುಟಗಳ ಒಂದು ಗುಂಪುಂಟು. ಆ ಗುಂಪಿಗೆ ಪೂರ್ತಿಯಾಗಿ ಸ್ಥಳವಿಲ್ಲದ ಕಡೆ ಆ ಕಾರ್ಯವನ್ನು ಒಳಕ್ಕೆ ಬಿಡಲೇಬಾರದು ಎಂಬುದು ಅವರ ಸಿದ್ಧಾಂತದ ಸಾರ. ಇದಕ್ಕೆ ಮುಂಚಿನ ಚಿಕಿತ್ಸೆಯು ಹೇಗಿದ್ದಿತೆಂಬುದನ್ನು ನೆನೆಯಬೇಕು. ಪುಟಗಳಿಗಾಗಿ ಕಾಯುತ್ತಿರುವ ಯಂತ್ರದಲ್ಲಿ ಲೆಕ್ಕ ಮಾಡುವ ಭಾಗವು ಬರಿದೆ ಕುಳಿತಿರುತ್ತದೆ. ಅದು ಬಿಡುವಾಗಿರುವುದನ್ನು ಕಂಡು, ಇನ್ನೂ ಕೆಲವು ಕಾರ್ಯಗಳನ್ನು ಒಳಕ್ಕೆ ಬಿಟ್ಟರೆ ಅವು ಉಳಿದ ಪುಟಗಳನ್ನೂ ಹೊರದಬ್ಬಿ, ರೋಗವು ಉಲ್ಬಣಿಸುತ್ತಿದ್ದಿತು. ಲಕ್ಷಣವನ್ನು ತಪ್ಪಾಗಿ ಓದಿದ ವೈದ್ಯನು ವಿಷವನ್ನೇ ಔಷಧವೆಂದು ಕೊಟ್ಟಂತೆ ಆಯಿತು.

ದಟ್ಟಣೆಯ ಗಣಿತವು ಇದಕ್ಕೂ ಹಳೆಯದು. ಕೋಪನ್‌ಹೇಗನ್ನಿನ ದೂರವಾಣಿ ವ್ಯವಸ್ಥೆಯಲ್ಲಿ ಕರೆಗಳ ಆಗಮನವನ್ನು ಕುರಿತು ಎ. ಕೆ. ಅರ್ಲಾಂಗ್ ಅವರು ೧೯೦೯ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದ್ದರು. ಅವರಿಂದ ಮೊದಲ್ಗೊಂಡು ಬೆಳೆದ ಸರತಿ ಶಾಸ್ತ್ರದ ಅತ್ಯಂತ ಸರಳವಾದ ಸೂತ್ರವು ಹೇಳುವುದೇನೆಂದರೆ, ಬೇಡಿಕೆಗಳು ಗೊತ್ತುಗುರಿಯಿಲ್ಲದೆ ಬರುವಲ್ಲಿ, ಒಬ್ಬನೇ ಇದ್ದಾಗ ೧ ಸೆಕೆಂಡಿನಲ್ಲಿ ಮುಗಿಯುವ ಕೆಲಸವು, ಯಂತ್ರವು ನೂರಕ್ಕೆ ೫೦ರಷ್ಟು ಕಾಲ ತೊಡಗಿರುವಾಗ ಸರಾಸರಿ ೨ ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ; ನೂರಕ್ಕೆ ೮೦ರಷ್ಟಿರುವಾಗ ೫ ಸೆಕೆಂಡುಗಳನ್ನು, ೯೦ರಷ್ಟಿರುವಾಗ ೧೦ ಸೆಕೆಂಡುಗಳನ್ನು, ೯೫ರಷ್ಟಿರುವಾಗ ೨೦ ಸೆಕೆಂಡುಗಳನ್ನು. ನಿನ್ನೆಗೂ ಇಂದಿಗೂ ನಡುವೆ ಕೆಲವೇ ಮಂದಿ ಹೆಚ್ಚಿದ್ದರೂ ನಿಧಾನವು ಇಮ್ಮಡಿಯಾಗುವುದು ಹೇಗೆಂಬುದು ಇದರಿಂದ ವಿಶದವಾಗುತ್ತದೆ. ಇಂಥ ಗಣಿತವನ್ನು ನಿಜವಾದ ಯಂತ್ರಕ್ಕೆ ಹೋಲಿಸಿ ನೋಡಿದವರಲ್ಲಿ ಅಲನ್ ಶೆರ್ ಅವರು ಮೊದಲಿಗರ ಸಾಲಿನವರು. ಅವರು ಸಿ.ಟಿ.ಎಸ್.ಎಸ್. ವ್ಯವಸ್ಥೆಯಲ್ಲಿ ಬಳಕೆದಾರರ ನಡವಳಿಕೆಯನ್ನು ಅಳೆದು ೧೯೬೫ರಲ್ಲಿ ಎಂ.ಐ.ಟಿ.ಗೆ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಸಲ್ಲಿಸಿದರು. ಊಹೆಯ ಸ್ಥಾನಕ್ಕೆ ಅಳತೆಯು ಬಂದುದು ದೋಷಾನ್ವೇಷಣೆಯ ಇತಿಹಾಸದಲ್ಲಿ ಒಂದು ಮುಖ್ಯವಾದ ತಿರುವು ಎಂದು ನಾವು ಭಾವಿಸುತ್ತೇವೆ.

೪

ಕಾಲ ಹಂಚಿಕೆಯಿಂದ ವರ್ಚುವಲ್ ಯಂತ್ರಕ್ಕೆ ಇರುವುದು ಒಂದೇ ಹೆಜ್ಜೆ. ಐ.ಬಿ.ಎಂ. ಸಂಸ್ಥೆಯ ಕೇಂಬ್ರಿಜ್ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಅವರ ಮುಂದಾಳುತನದಲ್ಲಿ ಸಿದ್ಧವಾಗಿ ೧೯೬೭ರಲ್ಲಿ ಬಳಕೆಗೆ ಬಂದ ಸಿ.ಪಿ.-೪೦ ಎಂಬ ವ್ಯವಸ್ಥೆಯು, ಪ್ರತಿಯೊಬ್ಬ ಬಳಕೆದಾರನಿಗೂ ಯಂತ್ರದ ಕಾಲದ ತುಣುಕನ್ನು ಮಾತ್ರವಲ್ಲದೆ, ಒಂದು ಇಡೀ ಯಂತ್ರದ ಪ್ರತಿರೂಪವನ್ನೇ ಒದಗಿಸಿತು. ಇದರ ಸಂತಾನವಾದ ಸಿ.ಪಿ.-೬೭ ವ್ಯವಸ್ಥೆಯು ಎಂ.ಐ.ಟಿ.ಯ ಒಂದು ಪ್ರಯೋಗಶಾಲೆಯಲ್ಲಿ ಒಂದೇ ದಿನ ೨೭ ಸಲ ಕುಸಿದು ಬಿದ್ದ ಕಥೆಯನ್ನು ಟಾಮ್ ವಾನ್ ವ್ಲೆಕ್ ಅವರು ಬರೆದಿದ್ದಾರೆ. ಸಾಲಿನ ಉದ್ದವನ್ನು ಒಂದೇ ಬೈಟಿನಲ್ಲಿ ಲೆಕ್ಕಹಾಕುವ ತುಣುಕನ್ನು ರಚಿಸಿದ್ದವರು ಸ್ವತಃ ಅವರೇ. ತರುವಾಯ ಬಹಳ ಉದ್ದವಾದ ಸಾಲುಗಳುಳ್ಳ ಹೊಸ ಸಾಧನವೊಂದಕ್ಕೆ ಎಡೆಮಾಡಿಕೊಡಲಾಗಿ, ಆ ಲೆಕ್ಕವು ಹುಸಿಯಿತು. ಇಲ್ಲಿಯೂ ಹಳೆಯ ಊಹೆಗೂ ಹೊಸ ಬಳಕೆಗೂ ನಡುವಣ ಬಿರುಕೇ ಕಾರಣವೆಂಬುದನ್ನು ಗಮನಿಸಬೇಕು.

ಒಂದು ದಿನದಲ್ಲಿ ೨೭ ಸಲ ಬೀಳಬೇಕಾದರೆ ೨೬ ಸಲ ಎದ್ದಿರಬೇಕು. ಆ ವ್ಯವಸ್ಥೆಯು ನಾಲ್ಕೈದು ನಿಮಿಷಗಳಲ್ಲಿ ತಾನಾಗಿ ಮೇಲೇಳುತ್ತಿದ್ದಿತು. ಅದೇ ಕಾಲದಲ್ಲಿ ಮಲ್ಟಿಕ್ಸ್ ಎಂಬ ಮಹಾವ್ಯವಸ್ಥೆಯು ಒಮ್ಮೆ ಬಿದ್ದರೆ, ಕಡತಗಳೆಲ್ಲವನ್ನೂ ಪರೀಕ್ಷಿಸಿ ಮೇಲೇಳಲು ಒಂದು ಗಂಟೆಯ ಕಾಲ ಬೇಕಾಗುತ್ತಿದ್ದಿತೆಂದೂ, ಈ ಹೋಲಿಕೆಯು ಮಲ್ಟಿಕ್ಸ್ ಕಡತವ್ಯವಸ್ಥೆಯ ಮರುರಚನೆಗೆ ಒಂದು ಕಾರಣವಾಯಿತೆಂದೂ ವಾನ್ ವ್ಲೆಕ್ ಅವರು ಹೇಳುತ್ತಾರೆ. ಇದರಿಂದ ಯಂತ್ರಜ್ಞರು ಕಲಿತ ಪಾಠವು ಬೇಗನೆ ಎದ್ದೇಳುವುದೂ ಒಂದು ಗುಣವೆಂಬುದು. ಅದೇ ಮಲ್ಟಿಕ್ಸಿನಲ್ಲಿ ಮತ್ತೊಂದು ಪಾಠವೂ ಸಿದ್ಧವಾಗುತ್ತಿದ್ದಿತು. ವ್ಯವಸ್ಥೆಯ ಒಳಗೇ ಅಳತೆಯ ಸಾಧನಗಳನ್ನು ಹೂಡಿ, ಸಮಯವು ಎಲ್ಲೆಲ್ಲಿ ವ್ಯಯವಾಗುತ್ತಿದೆಯೆಂಬುದನ್ನು ಸತತವಾಗಿ ದಾಖಲಿಸುವ ಕ್ರಮವನ್ನು ಸಾಲ್ಟ್‌ಜರ್ ಮತ್ತು ಗಿಂಟೆಲ್ ಅವರು ೧೯೭೦ರಲ್ಲಿ ವಿವರಿಸಿದರು. ಈ ಎರಡು ಪಾಠಗಳ ನಡುವೆ ಒಂದು ಎಳೆದಾಟವು ಇಂದಿಗೂ ಉಳಿದಿದೆ. ಕೆಟ್ಟ ಸರ್ವರನ್ನು ಒಡನೆಯೇ ಆರಿಸಿ ಹೊತ್ತಿಸಿದರೆ ಜನರ ಕೆಲಸವು ಸಾಗುತ್ತದೆ. ಆದರೆ ಸ್ಮೃತಿಯಲ್ಲಿದ್ದ ಸಾಕ್ಷ್ಯವು ಅಳಿಸಿಹೋಗುತ್ತದೆ.

ಈ ಸಂಕಟವು ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದ ಮಹತ್ತ್ವವು, ದೊರೆತ ವಸ್ತುಗಳಿಗಿಂತ ಹೆಚ್ಚಾಗಿ, ಯಾವ ವಸ್ತುವು ಯಾವ ಪದರದಲ್ಲಿ ದೊರೆಯಿತೆಂಬ ದಾಖಲೆಯಲ್ಲಿದೆ. ಅಗೆದ ಪದರವು ಮರಳಿ ಬಾರದು. ಆದುದರಿಂದ ತೆಗೆಯುವ ಮುನ್ನ ಬರೆದಿಡಬೇಕು. ಸರ್ವರನ್ನು ಆರಿಸುವ ಮುನ್ನ ಅದರ ಲಾಗ್, ಎಂದರೆ ಯಂತ್ರವು ತಾನಾಗಿ ಬರೆದುಕೊಳ್ಳುವ ದಿನಚರಿಯನ್ನು, ಬೇರೆಡೆಗೆ ನಕಲು ಮಾಡಿಕೊಳ್ಳಬೇಕೆಂಬ ನಿಯಮದ ತತ್ತ್ವವೂ ಇದೇ.

೫

೧೯೮೦ರ ದಶಕದಲ್ಲಿ ಸ್ವಂತ ಗಣಕಗಳು ಅಗ್ಗವಾಗಿ ಮೇಜು ಮೇಜಿಗೂ ಬಂದಮೇಲೆ, ಬಹುಜನರ ಯಂತ್ರದ ಕಾಲವು ಮುಗಿಯಿತೆಂದು ಹಲವರು ತಿಳಿದರು. ಹಾಗಾಗಲಿಲ್ಲ. ಸಾವಿರಾರು ಮೇಜುಗಳಿರುವ ಕಚೇರಿಗಳಲ್ಲಿ ಪ್ರತಿಯೊಂದು ಯಂತ್ರವನ್ನೂ ಪ್ರತ್ಯೇಕವಾಗಿ ರಕ್ಷಿಸಿ, ತಿದ್ದಿ, ನವೀಕರಿಸುವುದು ದುಸ್ಸಾಧ್ಯವಾಯಿತು. ಐ.ಬಿ.ಎಂ. ಬಿಟ್ಟುಬಂದ ಎಡ್ ಇಯಾಕೊಬುಚಿ ಅವರು ೧೯೮೯ರಲ್ಲಿ ಸ್ಥಾಪಿಸಿದ ಸಿಟ್ರಿಕ್ಸ್ ಸಂಸ್ಥೆಯು, ಒಂದೇ ವಿಂಡೋಸ್ ಸರ್ವರನ್ನು ಹಲವರು ದೂರದಿಂದ ಬಳಸುವ ವಿನ್‌ಫ್ರೇಮ್ ಎಂಬ ಸಾಧನವನ್ನು ೧೯೯೫ರಲ್ಲಿ ಹೊರತಂದಿತು. ೧೯೯೮ರಲ್ಲಿ ಮೈಕ್ರೋಸಾಫ್ಟ್ ತನ್ನ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ಬಿಡುಗಡೆಮಾಡಿತು. ಅದೇ ವರ್ಷ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ೨೦೦೧ರಲ್ಲಿ ಇ.ಎಸ್.ಎಕ್ಸ್. ಎಂಬ ವ್ಯವಸ್ಥೆಯಿಂದ ಸಾಮಾನ್ಯ ಸರ್ವರ್‌ಗಳಲ್ಲಿಯೂ ಹಲವು ವರ್ಚುವಲ್ ಯಂತ್ರಗಳನ್ನು ನೆಲೆಗೊಳಿಸಿತು. ಸುಮಾರು ೨೦೦೬ರಿಂದ ಪ್ರತಿಯೊಬ್ಬ ನೌಕರನ ಡೆಸ್ಕ್‌ಟಾಪನ್ನೂ ಇಂತಹ ಯಂತ್ರವಾಗಿಸಿ ಸರ್ವರಿನಲ್ಲಿಡುವ ಪದ್ಧತಿಯು ಹಬ್ಬಿತು. ಕಾರ್ಬಟೊ ಅವರ ಟೈಪ್ ಯಂತ್ರಗಳು ಬಣ್ಣದ ತೆರೆಗಳಾಗಿ ಮರಳಿ ಬಂದುವು. ಅವುಗಳೊಂದಿಗೆ ಹಳೆಯ ವ್ಯಾಧಿಗಳೂ ಬಂದುವು.

ಅವುಗಳಲ್ಲಿ ಮೊದಲನೆಯದು ಬೆಳಗಿನ ಬಿರುಗಾಳಿ. ಪ್ರತಿ ನಿಮಿಷಕ್ಕೆ ೧೫,೦೦೦ ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದ ೪ ಭಾಗ ಕಾಲವು ಬೇಕು. ಬೇಕಾದ ಅಕ್ಷರವು ಎದುರಿಗೆ ಬರಲು ಸರಾಸರಿ ಅದರ ಅರ್ಧವೂ, ಓದುವ ಕೈಯು ಸ್ಥಳಕ್ಕೆ ಸರಿಯಲು ಸುಮಾರು ಮೂರೂವರೆ ಭಾಗವೂ ಹಿಡಿಯುವುದರಿಂದ, ಅಂಥ ಒಂದು ಡಿಸ್ಕು ಸೆಕೆಂಡಿಗೆ ಸುಮಾರು ೧೮೦ ಬೇಡಿಕೆಗಳನ್ನು ಮಾತ್ರ ಪೂರೈಸಬಲ್ಲುದು. ೨೦೦ ಡೆಸ್ಕ್‌ಟಾಪುಗಳು ಸಾಧಾರಣ ಸಮಯದಲ್ಲಿ ಸೆಕೆಂಡಿಗೆ ತಲಾ ೧೦ ಬೇಡಿಕೆಗಳನ್ನು ಕಳುಹಿಸುತ್ತವೆಂದು ಇಟ್ಟುಕೊಂಡರೆ ೧೨ ಡಿಸ್ಕುಗಳು ಸಾಕು. ಎಲ್ಲರೂ ಒಟ್ಟಿಗೆ ಒಳಪ್ರವೇಶಿಸುವಾಗ ತಲಾ ೫೦ ಬೇಡಿಕೆಗಳಾದರೆ ೫೬ ಡಿಸ್ಕುಗಳು ಬೇಕು. ಸರಾಸರಿಯನ್ನು ನೋಡಿ ಕೊಂಡವನಿಗೆ ೧೦ ಗಂಟೆಯಲ್ಲಿ ಯಂತ್ರವು ಕೈಕೊಡುವುದು ನಿಶ್ಚಯ; ೧೧ ಗಂಟೆಗೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತದೆ. ತಿರುಗುವ ಭಾಗವಿಲ್ಲದ ಡಿಸ್ಕುಗಳು ಬಳಕೆಗೆ ಬಂದಮೇಲೆ ಈ ಬಾಧೆಯು ಬಹಳಮಟ್ಟಿಗೆ ತಗ್ಗಿದೆ, ಪೂರ್ತಿಯಾಗಿ ಹೋಗಿಲ್ಲ.

ಎರಡನೆಯದು ಸಾಕ್ಷಿಯ ಮಿತಿ. ವರ್ಚುವಲ್ ಯಂತ್ರವು ತಾನು ವರ್ಚುವಲ್ ಎಂಬುದನ್ನು ಮರೆತೇ ನಡೆಯುವಂತೆ ರಚಿತವಾಗಿದೆ. ಸರ್ವರಿನ ನಿಜವಾದ ಪ್ರೊಸೆಸರಿಗಾಗಿ ಅದು ಸರದಿಯಲ್ಲಿ ನಿಂತ ಕಾಲವು ಅದರ ಒಳಗಿನ ಅಳತೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ತನ್ನ ಸ್ಮೃತಿಯೆಂದು ಅದು ನಂಬಿರುವ ಪುಟವನ್ನು ಕೆಳಗಿನ ವ್ಯವಸ್ಥೆಯು ಡಿಸ್ಕಿಗೆ ಸಾಗಿಸಿದ್ದರೆ ಅದೂ ಅದಕ್ಕೆ ತಿಳಿಯದು. ಡೆಸ್ಕ್‌ಟಾಪಿನೊಳಗೆ ನೋಡಿದರೆ ಸರ್ವವೂ ಕ್ಷೇಮ. ಕುಳಿತವನಿಗೆ ಮಾತ್ರ ಕೈಸಾಗದು. ರಾಜಧಾನಿಯಲ್ಲಿ ಕುಳಿತು ಬರೆದ ವೃತ್ತಾಂತವನ್ನೇ ನಂಬಿ ಗಡಿನಾಡಿನ ಕ್ಷಾಮವನ್ನು ಅಲ್ಲಗಳೆಯುವುದು ಇತಿಹಾಸಕಾರನಿಗೆ ಎಷ್ಟು ಅಯುಕ್ತವೋ, ಒಂದೇ ಪದರದ ಅಳತೆಯನ್ನು ನಂಬಿ ಬಳಕೆದಾರನ ಮಾತನ್ನು ತಳ್ಳಿಹಾಕುವುದು ದೋಷಾನ್ವೇಷಕನಿಗೂ ಅಷ್ಟೇ ಅಯುಕ್ತ.

ಮೂರನೆಯದು ಗಡಿಯಾರ. ೧೯೮೩ರಲ್ಲಿ ಎಂ.ಐ.ಟಿ.ಯಲ್ಲಿ ಆರಂಭವಾದ ಅಥೀನಾ ಯೋಜನೆಯಲ್ಲಿ ಸಾವಿರಾರು ವಿದ್ಯಾರ್ಥಿಗಳ ಗುರುತನ್ನು ಜಾಲದ ಮೂಲಕ ಪರಿಶೀಲಿಸಲು ಕರ್ಬರಸ್ ಎಂಬ ವಿಧಾನವು ರೂಪುಗೊಂಡಿತು. ಕದ್ದ ರಹದಾರಿಯನ್ನು ಮತ್ತೊಬ್ಬನು ತರುವಾಯ ಬಳಸದಂತೆ ಅದರಲ್ಲಿ ಪ್ರತಿಯೊಂದು ಮನವಿಗೂ ಸಮಯದ ಮುದ್ರೆಯುಂಟು. ಎರಡು ಯಂತ್ರಗಳ ಗಡಿಯಾರಗಳು, ಸಾಮಾನ್ಯವಾದ ಏರ್ಪಾಟಿನಲ್ಲಿ, ೫ ನಿಮಿಷಕ್ಕಿಂತ ಹೆಚ್ಚಾಗಿ ಅಗಲಿದ್ದರೆ ಮನವಿಯು ತಿರಸ್ಕೃತವಾಗುತ್ತದೆ. ವಿಂಡೋಸ್ ೨೦೦೦ದಿಂದೀಚೆಗೆ ಈ ವಿಧಾನವು ಕಚೇರಿಗಳಲ್ಲೆಲ್ಲ ವ್ಯಾಪಿಸಿದೆ. ಗಡಿಯಾರದ ದೋಷವು ಹೀಗೆ ಗುರುತಿನ ದೋಷದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಅದಲ್ಲದೆ, ಬೇರೆ ಬೇರೆ ಸರ್ವರ್‌ಗಳ ಲಾಗುಗಳನ್ನು ಜೋಡಿಸಿ ಯಾವ ಘಟನೆಯು ಮೊದಲು, ಯಾವುದು ತರುವಾಯ ಎಂದು ನಿರ್ಧರಿಸಬೇಕಾದರೂ ಗಡಿಯಾರಗಳು ಒಂದಾಗಿರಬೇಕು. ಶಾಸನದಲ್ಲಿ ಶಕವರ್ಷಕ್ಕೂ ಸಂವತ್ಸರದ ಹೆಸರಿಗೂ ಹೊಂದಿಕೆಯಿಲ್ಲದಾಗ ಕಾಲನಿರ್ಣಯಕ್ಕೆ ಒದಗುವ ತೊಡಕನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

೬

ಇತ್ತೀಚಿನ ಎರಡು ಪ್ರಸಂಗಗಳು ಮೇಲೆ ಹೇಳಿದುದನ್ನು ದೊಡ್ಡ ಪ್ರಮಾಣದಲ್ಲಿ ದೃಢಪಡಿಸುತ್ತವೆ. ೨೦೨೦ರ ಮಾರ್ಚ್ ೨೫ರಿಂದ ದೇಶವ್ಯಾಪಿಯಾಗಿ ಲಾಕ್‌ಡೌನ್ ಜಾರಿಯಾದಾಗ, ಬೆಂಗಳೂರಿನ ಕಚೇರಿಗಳ ಅಸಂಖ್ಯ ನೌಕರರು ತಮ್ಮ ತಮ್ಮ ಊರುಗಳ ಮನೆಗಳಿಂದಲೇ ಕಚೇರಿಯ ಡೆಸ್ಕ್‌ಟಾಪನ್ನು ತಲಪಬೇಕಾಯಿತು. ಹೊರಗಿನಿಂದ ಬರುವವರು ಸ್ವಲ್ಪ ಮಂದಿ ಮಾತ್ರವೆಂಬ ಲೆಕ್ಕದ ಮೇಲೆ ಕಟ್ಟಿದ ಹೆಬ್ಬಾಗಿಲುಗಳ ಮುಂದೆ ಏಕಕಾಲದಲ್ಲಿ ಎಲ್ಲರೂ ಬಂದು ನಿಂತರು. ಸರ್ವರ್‌ಗಳಲ್ಲಿ ಸ್ಥಳವಿದ್ದರೂ ಬಾಗಿಲಿನಲ್ಲಿ ನೂಕುನುಗ್ಗಲು. ಇದು ಊಹೆ ಮತ್ತು ಬಳಕೆಗಳ ನಡುವಣ ಅದೇ ಬಿರುಕು.

೨೦೨೪ರ ಜುಲೈ ೧೯ರಂದು, ನಮ್ಮ ಕಾಲಮಾನದಂತೆ ಬೆಳಿಗ್ಗೆ ೯ ಗಂಟೆ ೩೯ ನಿಮಿಷಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ಕಳುಹಿಸಿದ ಒಂದು ಸಣ್ಣ ಕಡತವು, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡಹಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ತರುವಾಯ ಆ ಸಂಸ್ಥೆಯೇ ಪ್ರಕಟಿಸಿದ ವಿವರಣೆಯಂತೆ, ಒಂದು ಭಾಗವು ೨೧ ಅಂಶಗಳನ್ನು ನಿರೀಕ್ಷಿಸುತ್ತಿದ್ದಿತು. ಮತ್ತೊಂದು ಭಾಗವು ೨೦ನ್ನು ಮಾತ್ರ ಒದಗಿಸುತ್ತಿದ್ದಿತು. ಅದುವರೆಗಿನ ಕಡತಗಳು ೨೧ನೆಯದನ್ನು ನಿಜವಾಗಿ ಕೇಳದೆ ಇದ್ದುದರಿಂದ ಬಿರುಕು ಮರೆಯಾಗಿದ್ದಿತು. ದೋಷದ ಕಡತವನ್ನು ಒಂದೂಕಾಲು ಗಂಟೆಯ ಚಿಲ್ಲರೆಯಲ್ಲಿ ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳ ಪೈಕಿ ಬಹಳಷ್ಟನ್ನು ಒಬ್ಬೊಬ್ಬ ಮನುಷ್ಯನು ಒಂದೊಂದರ ಬಳಿಗೆ ಹೋಗಿ ಎಬ್ಬಿಸಬೇಕಾಯಿತು. ವರ್ಚುವಲ್ ಯಂತ್ರಗಳಿಗಾದರೋ ಅವುಗಳ ಡಿಸ್ಕನ್ನು ಕಳಚಿ, ಆರೋಗ್ಯವಾಗಿರುವ ಮತ್ತೊಂದು ಯಂತ್ರಕ್ಕೆ ಜೋಡಿಸಿ, ಕೆಟ್ಟ ಕಡತವನ್ನು ಅಳಿಸಿ, ಮರಳಿ ಸ್ಥಾಪಿಸುವ ದಾರಿಯಿದ್ದಿತು.

೭

ಈಗ ಮೊದಲಿನ ಪ್ರಯೋಗಶಾಲೆಗೆ ಹಿಂದಿರುಗೋಣ. ಆ ೧೩ ಮಂದಿಯಲ್ಲಿ ಒಬ್ಬಳು ವಿದ್ಯಾರ್ಥಿನಿಯು ನಮ್ಮ ತರಗತಿಯವಳಾಗಿದ್ದಳು. ತಾನು ಪಾಸ್‌ವರ್ಡನ್ನು ಮರೆತಿಲ್ಲವೆಂದು ಆಕೆ ದೃಢವಾಗಿ ಹೇಳಿದುದರಿಂದ, ನಾವು ಪ್ರಯೋಗಶಾಲೆಯ ಸಹಾಯಕರೊಡನೆ ಕುಳಿತೆವು. ಅವರು ಯಂತ್ರವನ್ನು 'ಸರಿಮಾಡಲು' ತೊಡಗಲಿಲ್ಲ. ಯಾರಿಗೆ ತೊಂದರೆಯಾಯಿತು, ಯಾರಿಗೆ ಆಗಲಿಲ್ಲ, ಎಂದಿನಿಂದ ಆಯಿತು, ಅದಕ್ಕೆ ಮುಂಚೆ ಏನು ಬದಲಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದರು. ಬಳಿಕ ಮೇಜಿನ ಪೆಟ್ಟಿಗೆ, ಜಾಲ, ಗುರುತಿನ ಪರಿಶೀಲನೆ, ಸರ್ವರ್, ಡಿಸ್ಕು ಎಂಬ ಕ್ರಮದಲ್ಲಿ ಒಂದೊಂದು ಘಟ್ಟದ ಲಾಗನ್ನೂ ತೆರೆದರು. ೧೩ ಹೆಸರುಗಳನ್ನು ಸರ್ವರ್‌ಗಳ ಪಟ್ಟಿಯೊಡನೆ ಹೋಲಿಸಿದಾಗ ಹದಿಮೂರೂ ಮೂರನೆಯ ಸರ್ವರಿನವೆಂದು ತಿಳಿಯಿತು. ಹಲವು ಓಲೆಗರಿಯ ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವು ಕಂಡುಬಂದರೆ ಲಿಪಿಕಾರರೆಲ್ಲರೂ ಪ್ರತ್ಯೇಕವಾಗಿ ತಪ್ಪಿದರೆಂದು ಗ್ರಂಥಸಂಪಾದಕನು ತಿಳಿಯುವುದಿಲ್ಲ; ಅವುಗಳಿಗೆ ಸಮಾನವಾದ ಮಾತೃಕೆಯನ್ನು ಹುಡುಕುತ್ತಾನೆ. ಇಲ್ಲಿಯೂ ಹಾಗೆಯೇ ಆಯಿತು. ರಜೆಯಲ್ಲಿ ದುರಸ್ತಿಗೊಂಡ ಆ ಸರ್ವರಿನ ಗಡಿಯಾರವು ೧೧ ನಿಮಿಷ ಹಿಂದೆ ಉಳಿದಿದ್ದಿತು. ದುರಸ್ತಿಯ ಸಂಗತಿಯನ್ನು ಯಾರೂ ಬರೆದಿಟ್ಟಿರಲಿಲ್ಲ. ಉಳಿದವರ ನಿಧಾನಕ್ಕೆ ಕಾರಣವು ಬೇರೆ. ಅದು ೧೦ ಗಂಟೆಯ ಬಿರುಗಾಳಿ. ಒಂದೇ ಗಳಿಗೆಯಲ್ಲಿ ಕಂಡ ಎರಡು ಲಕ್ಷಣಗಳಿಗೆ ಒಂದೇ ಕಾರಣವನ್ನು ಕಲ್ಪಿಸಿಕೊಂಡಿದ್ದರೆ ಎರಡೂ ಸಿಕ್ಕುತ್ತಿರಲಿಲ್ಲ.

ಪರೀಕ್ಷೆಯು ಮತ್ತೆ ನಡೆಯಿತು. ೧೩ ಮಂದಿಗೂ ಅಂಕಗಳು ಬಂದುವು. ಅಂದಿನಿಂದ ಆ ಕೋಣೆಯಲ್ಲಿ ಒಂದು ಪುಸ್ತಕವನ್ನಿಟ್ಟು, ಯಂತ್ರಗಳಿಗೆ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ತಾರೀಖು ಸಹಿತ ಬರೆಯುವ ಪದ್ಧತಿಯು ಆರಂಭವಾಯಿತು. ಆದರೆ ಮೇಲ್ವಿಚಾರಕರ ಮೊದಲಿನ ವರದಿಯು ಕಡತದಲ್ಲಿ ಹಾಗೆಯೇ ಉಳಿಯಿತು. ತಿದ್ದುಪಡಿಯು ಬೇರೊಂದು ಕಡತದಲ್ಲಿ ಸೇರಿತು. ಮುಂದೆ ಎಂದಾದರೂ ಮೊದಲನೆಯ ಕಡತವನ್ನು ಮಾತ್ರ ಓದಿದವನಿಗೆ, ಆ ೧೩ ವಿದ್ಯಾರ್ಥಿಗಳು ಅಲಕ್ಷ್ಯವಂತರೆಂಬುದೇ ಇತಿಹಾಸವಾಗಿ ತೋರುವುದು. ನಾವು ಪ್ರಾಂಶುಪಾಲರ ಅಪ್ಪಣೆ ಪಡೆದು, ಹಳೆಯ ವರದಿಯ ಅಂಚಿನಲ್ಲಿ ಎರಡನೆಯ ಕಡತದ ಸಂಖ್ಯೆಯನ್ನು ಬರೆದು ಬಂದೆವು.